ಎರಡು ಕುರ್ಚಿಯ ಯುದ್ಧ

ಬಸವಕಲ್ಯಾಣದ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಸಣ್ಣ ಖೋಲಿಯಿದೆ. ಅದರೊಳಗೆ ಒಂದು ಮೇಜು, ಎರಡು ಕುರ್ಚಿ. ಕಿಟಕಿಯ ಕಡೆಯ ಕುರ್ಚಿಯಲ್ಲಿ ಕೂತಾಗ ನಾನು ಕೆಂಪು ಸೈನ್ಯದ ದಂಡನಾಯಕ. ಎದ್ದು ಬಾಗಿಲ ಕಡೆಯ ಕುರ್ಚಿಗೆ ಹೋದರೆ ನೀಲಿಯವರ ದಂಡನಾಯಕ. ಮೇಜಿಗೆ ಹಸಿರು ಬಟ್ಟೆ ಹಾಸಿದ್ದೇನೆ. ಅದರ ಮೇಲೆ ರಿಬ್ಬನ್ನಿನ ಹೊಳೆ, ಐಸ್‌ಕ್ರೀಂ ಕಡ್ಡಿಯ ಸೇತುವೆ, ರಟ್ಟಿನ ಗುಡ್ಡ. ಉಗುರಿನಷ್ಟು ದೊಡ್ಡ ಸಿಪಾಯಿಗಳು, ಕುದುರೆಗಳು, ತೋಪುಗಳು. ದಾಳ ಉರುಳಿಸಬೇಕು, ಅಳತೆಪಟ್ಟಿ ಹಿಡಿದು ತುಕಡಿಗಳನ್ನು ಸರಿಸಬೇಕು, ಯಾರು ಉಳಿದರು ಯಾರು ಅಳಿದರು ಎಂಬುದನ್ನು ದಾಳಕ್ಕೆ ಬಿಡಬೇಕು. ಇದು ಇಬ್ಬರು ಆಡುವ ಆಟ. ನಮ್ಮೂರಲ್ಲಿ ಇನ್ನೊಬ್ಬ ಸಿಗಲಿಲ್ಲ, ಹಾಗಾಗಿ ಆ ಇನ್ನೊಬ್ಬನೂ ನಾನೇ ಆದೆ.

ಹೆಂಡತಿ ಶಾಲೆಯಲ್ಲಿ ಕಲಿಸುತ್ತಾಳೆ. ಸಂಜೆ ಕೆಳಗಿನ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಅವಳಿಗೆ ನನ್ನ ಆಟ ಒಂದು ತಮಾಷೆ. ರವಿವಾರ ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ನಿಂತು, "ಎರಡೂ ಕಡೀದವರು ಕೂಡಿ ಬರ್ರಿ, ರೊಟ್ಟಿ ಆರಾಕತ್ತಾವ" ಎನ್ನುತ್ತಾಳೆ. ನಾನು ಬಾಗಿಲು ಹಾಕಿಕೊಂಡೇ ಆಡುತ್ತೇನೆ. ಆಡುವಾಗ ಮಾತಾಡುವ ಚಟ ಬೇರೆ. ಈ ಕುರ್ಚಿಯಿಂದ ಬೆದರಿಕೆ ಹಾಕಿ, ಆ ಕುರ್ಚಿಗೆ ಹೋಗಿ ಉತ್ತರ ಕೊಡುತ್ತೇನೆ. ಕೇಳಿದವರು ನಗಲಿ ಎಂದು ಬಿಟ್ಟಿದ್ದೆ.

ನನ್ನ ನೌಕರಿ ಹುಮನಾಬಾದಿನ ಒಂದು ಔಷಧಿ ಫ್ಯಾಕ್ಟರಿಯಲ್ಲಿ, ಮಾತ್ರೆ ತಪಾಸಣೆ ಮಾಡುವ ಕೆಲಸ. ಅಲ್ಲಿ ಒಬ್ಬ ತೂಗಿದ್ದನ್ನು ಇನ್ನೊಬ್ಬ ತೂಗಿ ನೋಡಲೇಬೇಕು. ಒಬ್ಬನ ಕಣ್ಣನ್ನು ನಂಬುವ ಪದ್ಧತಿಯೇ ಇಲ್ಲ. ದಿನವಿಡೀ ಹಾಗೆ ದುಡಿದು ಬಂದವನಿಗೆ, ತಾನೊಬ್ಬನೇ ನೋಡಿದರೆ ಸಾಕು ಎನ್ನುವ ಆ ಮೇಜು ಹಿತವಾಗಿತ್ತು. ಆ ಹಿತವೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಆಟದಲ್ಲಿ ಒಂದು ನಿಯಮವಿದೆ. ಪೆಟ್ಟು ತಿಂದ ತುಕಡಿ ಬೆದರಿದರೆ ಅದರ ಮೇಲೆ ಒಂದು ಗುರುತು ಇಡಬೇಕು. ಬೆದರಿದ ತುಕಡಿ ಹೇಳಿದ ಮಾತು ಕೇಳುವುದಿಲ್ಲ. ಆ ಗುರುತಿಗೆ ನಾನು ಅವ್ವನ ಡಬ್ಬಿಯಿಂದ, ದೀಪದ ಬತ್ತಿಗೆಂದು ಇಟ್ಟ ಅರಳೆಯನ್ನು ಕೇಳಿ ತಂದಿದ್ದೆ. ಚಿಕ್ಕ ಚಿಕ್ಕ ಉಂಡೆ ಮಾಡಿ ತುಕಡಿಗಳ ತಲೆಯ ಮೇಲೆ ಇಡುತ್ತಿದ್ದೆ. ಒಂದು ಯುದ್ಧ ಮುಗಿಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಮೇಜು ಇದ್ದ ಹಾಗೇ ಇರುತ್ತದೆ.

ಒಂದು ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಸೇತುವೆ ಕಾಯಲು ನಿಲ್ಲಿಸಿದ್ದ ಕೆಂಪು ಕುದುರೆ ಹೊಳೆಯ ಆಚೆ ದಂಡೆಯಲ್ಲಿತ್ತು. ನಾನು ಅದನ್ನು ದಾಟಿಸಿರಲಿಲ್ಲ. ದಾಟಿಸಿರಲಿಲ್ಲ ಎಂದೇ ನನ್ನ ನೆನಪು. ನೀಲಿಯವನಾಗಿ ಕೂತಾಗ ಏನಾದರೂ ಮಾಡಿದೆನೇ? ಮೊದಲಿದ್ದಲ್ಲೇ ಇಟ್ಟು ಸುಮ್ಮನಾದೆ. ಕೆಲವು ದಿನ ಬಿಟ್ಟು ನೋಡಿದರೆ ಬೆದರಿದ ತುಕಡಿಗಳು ಜಾಗ ಬದಲಿಸಿದ್ದವು. ಬೇರೆ ಬೇರೆ ಮೂಲೆಯಲ್ಲಿದ್ದ ಅವು ಗುಡ್ಡದ ಕೆಳಗೆ ಒತ್ತೊತ್ತಾಗಿ ನಿಂತಿದ್ದವು. ಕೆಂಪು ಯಾವುದು ನೀಲಿ ಯಾವುದು ಎಂಬ ಭೇದವೂ ಇಲ್ಲದೆ, ವೈರಿಗಳು ಮೈಗೆ ಮೈ ತಾಗಿಸಿಕೊಂಡಿದ್ದರು.

ಊಟದ ಹೊತ್ತಿಗೆ ಹೆಂಡತಿಯನ್ನು ಕೇಳಿದೆ. ಅವಳು ಪಲ್ಯ ಬಡಿಸುತ್ತ, "ನಾ ಯಾಕ ಮುಟ್ಲಿರಿ? ನೀವೇ ಸರಸಿ ಮರತಿರಬೇಕು" ಅಂದಳು. ಅಂದವಳಿಗೆ ಅದು ಒಂದು ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನನ್ನ ಕೈ ತಲೆಗೆ ಹೋಯಿತು. ಅವ್ವನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಕೆಡಿಸಿಕೊಂಡ ಮೇಲೆ ಮೇಲೆ ಹತ್ತಕೂಡದೆಂದು ನಾವಿಬ್ಬರೂ ತಾಕೀತು ಮಾಡಿದ್ದೆವು. ಒಂದು ಕಣ್ಣಿಗೆ ಪೊರೆಯೂ ಬಂದಿದೆ. ಟ್ಯೂಷನ್ನಿನ ಮಕ್ಕಳನ್ನು ಹೆಂಡತಿ ಪಡಸಾಲೆಯಿಂದ ಏಳಗೊಡುವುದಿಲ್ಲ. ಇನ್ನು ಉಳಿದವನು ನಾನೊಬ್ಬನೇ.

ಇಷ್ಟಕ್ಕೆ ಯಾಕೆ ಅಂಜಿದೆನೆಂದರೆ, ನಮ್ಮ ಕಾಕಾನಿಂದಾಗಿ. ಅಪ್ಪನ ತಮ್ಮ. ನಮ್ಮ ಮೂಲ ಊರು ಬೇಮಳಖೇಡ, ಕುರಿ ಸಾಕಿದ ಮನೆತನ. ಕುರಿ ಕಾಯುತ್ತಿದ್ದವನು ಕಾಕಾನೇ. ಈಗಿನ ನನ್ನಷ್ಟೇ ವಯಸ್ಸಿನಲ್ಲಿ ಅವನು ಒಬ್ಬನೇ ಕೂತು ಇಬ್ಬರಾಗಿ ಮಾತಾಡಲು ಶುರುಮಾಡಿದ. ಬೇವಿನ ಕಟ್ಟೆಯ ಮೇಲೆ ಕೂತು ಒಂದು ಪ್ರಶ್ನೆ ಕೇಳುವನು, ಎದ್ದು ಎದುರಿನ ಕಲ್ಲಿನ ಮೇಲೆ ಕೂತು ಉತ್ತರ ಹೇಳುವನು. ನಾವು ಮಕ್ಕಳು ದೂರ ನಿಂತು ನಗುತ್ತಿದ್ದೆವು. ಉಂಡು ಕೈತೊಳೆದವನು ಉಂಡಿಲ್ಲ ಎಂದು ಜಗಳಕ್ಕೆ ಬರುತ್ತಿದ್ದ. ಒಂದು ದಿನ ಮನೆ ಬಿಟ್ಟು ಓಡಿ ಹೋದ, ಹುಮನಾಬಾದ್ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಸಿಕ್ಕ ಎಂದು ಮನೆಯಲ್ಲಿ ಹೇಳುತ್ತಿದ್ದರು. ಆಮೇಲೆ ಅವನು ಬಹಳ ಕಾಲ ಬದುಕಲಿಲ್ಲ. ಆ ಬೆಂಚುಗಳ ಮುಂದೆ ನಾನು ದಿನಾ ಬಸ್ ಇಳಿಯುತ್ತೇನೆ.

ಮರುದಿನ ಬೆಳಿಗ್ಗೆ ಮೇಜಿನ ಫೋಟೋ ತೆಗೆದು ಕೆಲಸಕ್ಕೆ ಹೋದೆ. ಸಂಜೆ ಬಂದು ಮೊಬೈಲನ್ನೂ ಮೇಜನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ತುಕಡಿ ಜಾಗ ಬಿಟ್ಟಿದ್ದವು. ಸಮಾಧಾನವೇನೂ ಆಗಲಿಲ್ಲ. ಫೋಟೋ ತೆಗೆದ ಮೇಲೆ ನಾನೇ ಸರಿಸಿ ಮರೆತಿದ್ದರೆ? ಫ್ಯಾಕ್ಟರಿಯಲ್ಲಿ ತೂಗಿದ ಮಾತ್ರೆಯನ್ನೇ ಮತ್ತೆ ಮತ್ತೆ ತೂಗತೊಡಗಿದೆ. ಬಸ್ಸಿನಲ್ಲಿ ಚಪ್ಪಲಿ ಕಾಲಲ್ಲಿದೆಯೇ ಎಂದು ನೋಡಿಕೊಳ್ಳುವಷ್ಟು ಹುಳ ಹೊಕ್ಕಿತು ತಲೆಗೆ. ಅಂಜಿಕೆಯಾಗುತ್ತಿತ್ತು, ಬರೀ ಅಂಜಿಕೆ. ಆಡುವುದು ಬಿಡೋಣವೆಂದರೆ ಅದೂ ಆಗಲಿಲ್ಲ, ಬಿಟ್ಟರೆ ರೋಗವನ್ನು ಒಪ್ಪಿಕೊಂಡ ಹಾಗಲ್ಲವೇ? ಹುಮನಾಬಾದಿಗೆ ಶನಿವಾರಕ್ಕೊಮ್ಮೆ ಬರುವ ಮನೋರೋಗದ ಡಾಕ್ಟರ ಬಳಿ ಗುಟ್ಟಾಗಿ ನಂಬರ್ ಹಚ್ಚಿದೆ.

ಆ ವಾರವೇ ಒಂದು ದಿನ ಫ್ಯಾಕ್ಟರಿಯಲ್ಲಿ ಯಂತ್ರ ಕೆಟ್ಟು ನಮ್ಮನ್ನು ಬೇಗ ಬಿಟ್ಟರು. ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪಡಸಾಲೆಯಲ್ಲಿ ಮಕ್ಕಳು ಜೋರಾಗಿ ಮಗ್ಗಿ ಹೇಳುತ್ತಿದ್ದರು. ಹೊರಗಿನ ಮೆಟ್ಟಿಲ ಹತ್ತಿರ ಹೋದೆ, ಮೇಲೆ ನನ್ನ ಖೋಲಿಯಿಂದ ಮಾತು ಕೇಳಿಸಿತು. ಸಣ್ಣ ದನಿ, ಯಾರನ್ನೋ ರಮಿಸುವಂತೆ. ಒಂದು ಗಳಿಗೆ ನನಗೆ ಹೊಳೆದದ್ದು ಒಂದೇ. ಮೇಲೆ ಮಾತಾಡುತ್ತಿರುವವನು ನಾನೇ. ಗೋಡೆ ಹಿಡಿದು ನಿಂತೆ.

ಕೊನೆಗೆ ಹತ್ತಿ ನೋಡಿದರೆ, ಅವ್ವ. ನೀಲಿಯವರ ಕುರ್ಚಿಯ ಬೆನ್ನು ಹಿಡಿದು, ಮೇಜಿಗೆ ಮುಖ ಬಗ್ಗಿಸಿ, ಅರಳೆ ಇಟ್ಟ ತುಕಡಿಗಳನ್ನು ಒಂದೊಂದಾಗಿ ಬೆರಳಿನಿಂದ ತಳ್ಳಿ ಗುಡ್ಡದ ಕೆಳಗೆ ಕೂಡಿಸುತ್ತಿದ್ದಳು. ಬಾಯಲ್ಲಿ ಕುರಿ ಕರೆಯುವ ದನಿ. ಬೇಮಳಖೇಡ ಬಿಟ್ಟ ಮೇಲೆ ಆ ದನಿ ನಾನು ಕೇಳಿರಲಿಲ್ಲ.

"ಅವ್ವಾ, ಏನ್ ಮಾಡಾಕತ್ತಿ?"

ಅವಳು ಬೆಚ್ಚಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮೆಟ್ಲ ಹತ್ತಬ್ಯಾಡ ಅಂದಿದ್ರಿ. ಬೈಬ್ಯಾಡಪ್ಪ, ಸಾವಕಾಶ ಹತ್ತೀನಿ."

"ಇವನ್ನ ಯಾಕ ಸರಸಾಕತ್ತಿ?"

"ಕುರಿ ಅಲ್ಲೇನು? ನನ್ನ ಅರಳಿ ಒಯ್ದು ಕುರಿ ಮಾಡೀದಿ ಅಂತ ತಿಳದಿದ್ದೆ. ಹೊತ್ತು ಮುಳಗಾಕ ಬಂದದ. ಒಂದು ಹೊಳಿ ಆಚಿಗಿ, ಒಂದು ಈಚಿಗಿ. ಹಂಗ ಬಿಟ್ಟು ಹ್ಯಾಂಗ ಕೆಳಗ ಹೋಗ್ಲಿ?"

ನನಗೆ ನಗು ಬಂತು, ಅಳುವೂ ಬಂತು. ಕೆಂಪು ಕುರ್ಚಿಯಲ್ಲಿ ಕುಸಿದು ಕೂತೆ. ಇಷ್ಟು ದಿನ ನನ್ನ ರಕ್ತ ಹೀರಿದ ಭೂತ ಮೊಣಕಾಲು ನೋವಿನ ಮುದುಕಿಯಾಗಿ ಎದುರಿಗೆ ನಿಂತಿತ್ತು. ಡಾಕ್ಟರ ನಂಬರ್ ಬೇಡವೆಂದು ಫೋನ್ ಮಾಡಲು ಮೊಬೈಲನ್ನೂ ತೆಗೆದೆ. ಆಗ ಕುದುರೆ ನೆನಪಾಯಿತು.

"ಅವ್ವಾ, ಮೊದಲನೇ ಸರ್ತಿ ಆ ಕೆಂಪು ಕುದುರಿ ಸೇತುವಿ ದಾಟಿಸಿದ್ದು ನೀನೇ ಹೌದಲ್ಲ?"

"ಕುದುರಿ ಗಿದುರಿ ನನಗ ಕಾಣೂದಿಲ್ಲಪ್ಪ. ಬೆಳ್ಳಗಿದ್ದದ್ದು ಅಷ್ಟೇ ಕಾಣ್ತದ. ಅದನ್ನೇ ಮುಟ್ಟೀನಿ."

ಸೆರಗು ತಾಗಿರಬಹುದು. ತಾಗದೆಯೂ ಇರಬಹುದು. ಆ ಕುದುರೆಯ ಫೋಟೋ ನನ್ನ ಬಳಿ ಇರಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿದೆ. ಎಷ್ಟು ತಡೆದರೂ ಮಾತು ನಿಲ್ಲಲಿಲ್ಲ, ಎಲ್ಲ ಹೇಳಿಬಿಟ್ಟೆ. ನನಗೆ ಕಾಕಾನ ರೋಗ ಬಂದಿರಬೇಕು, ಶನಿವಾರ ದವಾಖಾನೆಗೆ ಹೋಗುವವನಿದ್ದೇನೆ, ಮುಂದೊಂದು ದಿನ ನಾನೂ ಅವನ ಹಾಗೆ ಮನೆ ಬಿಟ್ಟು ಓಡಿ ಹೋಗುತ್ತೇನೇನೋ ಎಂದೆ.

ಅವ್ವ ಎದುರಿನ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ನನ್ನನ್ನು ಬಿಟ್ಟು ಬೇರೆಯವರು ಕೂತಿದ್ದು ಅದೇ ಮೊದಲು.

"ಅವ ಓಡಿ ಹೋಗಿದ್ದಿಲ್ಲ" ಎಂದಳು. "ಮಂದಿಗಿ ಹಂಗ ಹೇಳಿದ್ವಿ. ದವಾಖಾನಿಗಿ ಹೋಗಿ ಬಾ ಅಂತ ನಿಮ್ಮಪ್ಪ ಅವನ ಕೈಯಾಗ ಚೀಟಿ ಕೊಟ್ಟು ಬಸ್ ಹತ್ತಿಸಿದ್ರು. ಸುಗ್ಗಿ ಇತ್ತು, ಜೋಡಿ ಹೋಗಾಕ ಯಾರಿಗೂ ಪುರಸತ್ತಿ ಇದ್ದಿಲ್ಲ. ಹುಮನಾಬಾದಿನಾಗ ಇಳದ, ಮುಂದ ಎಲ್ಲಿ ಹೋಗಬೇಕು ತಿಳೀಲಿಲ್ಲ. ಅಲ್ಲೇ ಕುಂತ."

ಕೆಳಗೆ ಮಗ್ಗಿ ನಿಂತಿತ್ತು. ಮಕ್ಕಳು ಚಪ್ಪಲಿ ಹುಡುಕುವ ಗದ್ದಲ.

"ನೀನೂ ಇಲ್ಲಿ ಒಬ್ಬನೇ ಮಾತಾಡ್ತಿ. ನಾವಿಬ್ರೂ ಕೆಳಗ ಕುಂತು ಕೇಳ್ತೀವಿ. ನೀ ಇದ್ದಾಗ ಬರಬೇಕಂದ್ರ ಬಾಗಲಾ ಹಾಕೋತಿ. ಅದಕ್ಕ ನೀ ಇಲ್ಲದಾಗ ಬಂದು ನೋಡ್ತಿದ್ದೆ, ಏನದ ಇದರಾಗ ಅಂತ."

ಅವತ್ತು ಅವಳ ತೋಳು ಹಿಡಿದು ಮೆಟ್ಟಿಲಿಳಿಸಿದೆ. ಹೆಂಡತಿಗೂ ಎಲ್ಲ ಹೇಳಿದೆ. ಮುಚ್ಚಿಟ್ಟಿದ್ದಕ್ಕೆ ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ, ಶನಿವಾರ ನನ್ನ ಜೊತೆ ಬರಲು ಶಾಲೆಗೆ ರಜೆ ಹಾಕುತ್ತೇನೆ ಎಂದಳು. ಅವ್ವ ಬಿಡಲಿಲ್ಲ.

ಶನಿವಾರ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು. ನನ್ನ ಅಂಗಿಯ ತೋಳನ್ನು ಹಿಡಿದೇ ಇದ್ದಳು. ಹುಮನಾಬಾದಿನಲ್ಲಿ ಇಳಿದಾಗ ಬೆಂಚುಗಳ ಕಡೆ ಒಮ್ಮೆ ನೋಡಿ, "ಜಲ್ದಿ ನಡಿ" ಎಂದಳು. ಮೊಣಕಾಲು ನೋವಿನವಳು ನನಗಿಂತ ಮುಂದೆ ಹೆಜ್ಜೆ ಹಾಕುತ್ತಿದ್ದಳು.

ದವಾಖಾನೆಯಲ್ಲಿ ನನ್ನ ಸರದಿ ಬಂದಾಗ ಬಾಗಿಲಲ್ಲಿ ನಿಂತಿದ್ದ ನರ್ಸ್ ಕೂಗಿ ಕೇಳಿದಳು, "ಇವರ ಜೋಡಿ ಯಾರ್ ಬಂದೀರಿ?"

ಅವ್ವ ಕುರ್ಚಿಯ ಕೈ ಹಿಡಿದು ಏಳಲು ಹೆಣಗುತ್ತಿದ್ದಳು. ಎದ್ದು ನಿಲ್ಲುವ ಮೊದಲೇ ಕೈ ಮೇಲೆತ್ತಿ ಅಂದಳು, "ನಾ ಬಂದೀನ್ರಿ."