ಅಕ್ಕಚ್ಚಿನ ಬಕೆಟ್

ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಸಾಗರದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಸಂತೆಗೂ ವ್ಯಾಪಾರಿಗಳು ಗಂಟು ಕಟ್ಟುವ ಹೊತ್ತು ನೋಡಿಯೇ ಹೋಗುತ್ತಿದ್ದೆ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತಿತ್ತು, ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತಿತ್ತು. ನಮ್ಮನೆ ಕಸದ ಬುಟ್ಟಿಗೆ ವರ್ಷವಿಡೀ ಉಪವಾಸ ಎಂದು ಗಂಡ ಛೇಡಿಸುತ್ತಿದ್ದರು.

ಅಷ್ಟಾಗಿಯೂ ಉಳಿದದ್ದು ಹಿತ್ತಿಲ ಬಾಗಿಲಿನ ಬಕೆಟ್‌ಗೆ. ಅಕ್ಕಿ ತೊಳೆದ ನೀರು, ಗಂಜಿ, ಬಾಳೆಹಣ್ಣಿನ ಸಿಪ್ಪೆ. ಪಕ್ಕದ ಮನೆಯ ಹೆಂಗಸು ಬೆಳಿಗ್ಗೆ ಬಂದು ಆ ಅಕ್ಕಚ್ಚನ್ನು ತನ್ನ ಹಸುವಿಗೆ ಒಯ್ಯುತ್ತಿದ್ದಳು; ಖಾಲಿ ಬಕೆಟ್ಟಿನ ಜೊತೆ ಒಂದು ತಂಬಿಗೆ ಮಜ್ಜಿಗೆ ತಂದಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಒಂದು ಹಸುವಿನ ಹಾಲು ಮಾರಿಯೇ ಅವಳ ಜೀವನ ನಡೆಯುತ್ತಿತ್ತು.

ತರಕಾರಿ ಮುಟ್ಟಿದರೆ ಸುಡುವಂತಿದ್ದ ಒಂದು ಮಳೆಗಾಲದಲ್ಲಿ ಹೊಸನಗರದ ಅಕ್ಕ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಚೀಲ ಕಳಲೆ ಕಳಿಸಿದಳು. ಎಳೆ ಬಿದಿರಿನ ಮೊಳಕೆ ಅದು. ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರು ದಿನ ಕಳೆದ ಮೇಲೆಯೇ ಒಲೆಗೇರಿಸಬೇಕು. ಆ ನೀರು ವಿಷ. ಕುಡಿದ ದನ ಉಳಿಯುವುದಿಲ್ಲ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಫೋನಿನಲ್ಲಿ ಅಕ್ಕನ ಹತ್ತಿರ ಹರಟುತ್ತ ಮೊದಲ ದಿನದ ನೀರನ್ನು ಬಸಿದೆ. ಚರಂಡಿಗೆ ಚೆಲ್ಲಿ ರೂಢಿಯಿಲ್ಲದ ಕೈ ಅದನ್ನು ಎಲ್ಲಿಗೆ ಬಸಿಯಿತೆಂದು ನೋಡಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕಿ ತೊಳೆದ ನೀರು ಹಿಡಿದು ಹಿತ್ತಿಲಿಗೆ ಬಂದರೆ ಬಕೆಟ್ ಇರಲಿಲ್ಲ. ಕಳಲೆ ನೀರು ಬಸಿದದ್ದು ಅದಕ್ಕೇ ಎಂದು ಆಗ ಹೊಳೆಯಿತು.

ಓಡಿದೆ. ಅವಳ ಗೇಟಿನವರೆಗೆ ಮಾತ್ರ ಓಡಿದೆ. ಕೊಟ್ಟಿಗೆಯಲ್ಲಿ ಹಸು ನಿಂತಿತ್ತು, ಪಕ್ಕದಲ್ಲಿ ನಮ್ಮ ಬಕೆಟ್ ಖಾಲಿಯಾಗಿ ಬಿದ್ದಿತ್ತು. ಹೇಳಿದರೆ ಹಸುವಿನ ಬೆಲೆ ಎಲ್ಲಿಂದ ತರಲಿ? ಇನ್ನೂ ಎರಡು ಮನೆಯವರು ಅವಳಿಗೆ ಅಕ್ಕಚ್ಚು ಕೊಡುತ್ತಾರೆ, ನಮ್ಮದೇ ಎಂದು ಯಾರಿಗೆ ಗೊತ್ತಾಗುತ್ತದೆ? ಈ ಯೋಚನೆ ಬಂದದ್ದು ನಿಜ. ಚಿಲಕದ ಮೇಲೆ ಕೈಯಿಟ್ಟು, ತೆಗೆದು, ಮತ್ತೆ ಇಟ್ಟೆ. ಹಸುವಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅದು ಒಮ್ಮೆ ಕಾಲು ಝಾಡಿಸಿತು. ಆಗ ತಡೆಯಲಾರದೆ ಒಳಗೆ ನುಗ್ಗಿ, ಅಳುತ್ತಲೇ ಎಲ್ಲ ಹೇಳಿದೆ.

ಅವಳು ಕೊಟ್ಟಿಗೆಯ ಮೂಲೆಯಲ್ಲಿ ಸಗಣಿ ಬಾಚುತ್ತಿದ್ದಳು. ತಲೆ ಎತ್ತಲಿಲ್ಲ.

"ಬಕೆಟ್ ಎತ್ತಿದ್ ಕೂಡ್ಲೇ ಕಳಲೆ ವಾಸ್ನೆ ಹೊಡೀತು. ಆಗ್ಲೇ ಗುಂಡಿಗೆ ಚೆಲ್ಲಿದೆ."

ಹೋದ ಜೀವ ಬಂದಂತಾಯಿತು. ಅವಳ ಕೈ ಹಿಡಿಯಲು ಹೋದೆ. ಅವಳು ಕೈ ತೊಳೆದುಕೊಂಡು ಒಳಗೆ ಹೋಗಿ ಮಜ್ಜಿಗೆಯ ತಂಬಿಗೆ ತಂದಳು.

"ನೀನು ಗೇಟ್ ಹತ್ರ ನಿಂತಿದ್ದು ನೋಡ್ತಾನೇ ಇದ್ದೆ ಮಾರಾಯ್ತಿ," ಎಂದಳು. "ಒಳಗ್ ಬರ್ತೀಯೋ, ವಾಪಸ್ ಹೋಗ್ತೀಯೋ ಅಂತ."

ಅವಳು ತಂಬಿಗೆಯನ್ನೂ ಬಕೆಟ್ಟನ್ನೂ ನನ್ನ ಕೈಗಿಟ್ಟಳು.

"ಇವತ್ತಿಂದು ತಗೊಂಡ್ ಹೋಗು. ನಾಳೆಯಿಂದ ಬಕೆಟ್ ಇಡ್ಬೇಡ."