ಸತ್ತವರು ಏಳಬಾರದು

ತೇರದಾಳದ ಜಿನ್ನಪ್ಪ ಮಾಸ್ತರರು ಬನಹಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು, ಅದರ ಜೊತೆಗೆ ವಾರಕ್ಕೊಂದು ತಾಸು ನಾಟಕ. ನಾಟಕದಲ್ಲಿ ನಿಮ್ಮ ಅನುಭವ ಎಷ್ಟು ಎಂದು ಯಾರಾದರೂ ಕೇಳಿದರೆ, "ಮೂರು ವರ್ಷ ಕಂಪನಿಯೊಳಗ ಈಟಿ ಹಿಡಕೊಂಡು ನಿಂತಿದ್ದೆ. ಈಟಿ ಭಾಳ ಛಲೋ ಪಾರ್ಟು ಮಾಡತಿತ್ತು" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ಹುಡುಗನಿದ್ದಾಗ ಮನೆ ಬಿಟ್ಟು ಓಡಿಹೋಗಿ ನಾಟಕ ಕಂಪನಿ ಸೇರಿದ್ದು ಖರೆ. ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಅಪ್ಪ ಹೋಗಿ ಕಿವಿ ಹಿಡಿದು ಎಳೆದು ತಂದದ್ದೂ ಖರೆ. ಆ ಮೂರು ವರ್ಷದಲ್ಲಿ ರಾಜನಿಗೆ "ಅಪ್ಪಣೆ ಪ್ರಭು" ಎಂದದ್ದು ಬಿಟ್ಟರೆ ಮಾಸ್ತರರ ಬಾಯಿಂದ ಬೇರೆ ಮಾತು ಹೊರಟಿರಲಿಲ್ಲ.

ಇಂಥವರು ನಾಟಕ ಕಲಿಸಲು ನಿಂತರೆ ನಿಯಮಗಳಿಗೆ ಏನು ಬರ? ಹಾರ್ಮೋನಿಯಂ ಕೂಡದು, ವನ್ಸ್‌ಮೋರ್ ಕೂಡದು, ಎಲ್ಲಕ್ಕಿಂತ ಮೊದಲು ಆಯೇರಿ ಕೂಡದು. ಆ ಸೀಮೆಯಲ್ಲಿ ರಾಜ ಯುದ್ಧಕ್ಕೆ ಹೊರಟಿರಲಿ, ರಾಣಿ ಅಳುತ್ತಿರಲಿ, ಬೇಕಾದವರು ನಡುವೆಯೇ ರಂಗದ ಮೇಲೆ ಹತ್ತಿ ಪಾತ್ರಧಾರಿಗೆ ರುಮಾಲು ಸುತ್ತಿ, ಕಾಣಿಕೆ ಕೊಟ್ಟು ಆಯೇರಿ ಮಾಡುತ್ತಾರೆ. ಇಂಥವರಿಂದ ಇಂಥವರಿಗೆ ಎಂದು ಒಬ್ಬ ಕೂಗಿ ಹೇಳುತ್ತಾನೆ. ರಾಜ ಕೈಮುಗಿಯುತ್ತಾನೆ, ಯುದ್ಧ ಆಮೇಲೆ. ಸತ್ತವನಿಗೆ ಆಯೇರಿ ಬಂದರೆ ಅವನೂ ಎದ್ದು ಕೂಡುತ್ತಾನೆ. "ನನ್ನ ನಾಟಕದಾಗ ಸತ್ತಾಂವ ಸತ್ತಿರಬೇಕು" ಎಂದು ಮಾಸ್ತರರು ವರ್ಗದಲ್ಲಿ ಮೇಜು ಗುದ್ದುತ್ತಿದ್ದರು. ಅದು ಕಲೆಯ ಶುದ್ಧಿಗಾಗಿ ಎಂದು ಹುಡುಗರು ತಿಳಿದಿದ್ದರು. ಮೂರು ವರ್ಷ ಈಟಿ ಹಿಡಿದು ನಿಂತರೂ ತಮಗೊಂದು ಕರವಸ್ತ್ರ ಕೂಡ ಯಾರೂ ಕೊಡಲಿಲ್ಲ ಎಂಬುದು ಮಾಸ್ತರರಿಗೆ ಮಾತ್ರ ಗೊತ್ತಿತ್ತು.

ಹುಡುಗರಾದರೂ ಎಂಥವರು? ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ನೀರು ಕೇಳಬೇಕಾದರೂ ಅವರು ಮಗ್ಗವನ್ನು ಮೀರಿಸಿ ಕೂಗಬೇಕು. ಪಿಸುಮಾತು ಆಡಿಸಿದರೆ ಅದು ಎರಡು ಓಣಿ ದಾಟಿ ಕೇಳುತ್ತಿತ್ತು. ಮಾಸ್ತರರ ದನಿಯೋ ಎರಡನೆಯ ಬೆಂಚು ದಾಟುತ್ತಿರಲಿಲ್ಲ, ಹೀಗಾಗಿ ಗುರುಶಿಷ್ಯರ ಲೆಕ್ಕ ಸರಿಹೋಗುತ್ತಿತ್ತು.

ಆ ವರ್ಷ ಹೆಡ್‌ಮಾಸ್ತರರು ಕರೆದು ಹೇಳಿದರು. "ಜಿನ್ನಪ್ಪ, ನಾಟಕ ಅಂದ್ರ ಬರೇ ಗದ್ದಲ. ಬರೂ ಜೂನಿನಿಂದ ಆ ತಾಸು ತಕಲಿ ನೂಲಾಕ ಕೊಡೂಣು."

ನೇಕಾರರ ಮಕ್ಕಳಿಗೆ ನೂಲು ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದಂತೆ ಎನ್ನಬೇಕೆಂದಿದ್ದರು ಮಾಸ್ತರರು, ಆದರೆ ಬಾಯಿಂದ ಬೇರೆಯೇ ಬಂತು. "ಸರ, ಸಾಲಿ ವರ್ಷದ ಗ್ಯಾದರಿಂಗಿಗೆ ವಿಜಾಪುರದ ಶಿಕ್ಷಣ ಖಾತೆ ಸಾಹೇಬರು ಬರ್ತಾರ. ಅವರ ಮುಂದ ನನ್ನ ನಾಟಕ ನಡುವ ನಿಲ್ಲದ ನಡದ್ರ ತಾಸು ಉಳಸ್ರಿ. ನಿಂತ್ರ ನಾನ ತಕಲಿ ಹಿಡೀತೇನಿ."

ಹೆಡ್‌ಮಾಸ್ತರರು ಒಪ್ಪಿದರು. ಹೊರಗೆ ಬಂದ ಮೇಲೆ ಮಾಸ್ತರರಿಗೆ ತಾವು ಏನನ್ನು ಪಣಕ್ಕಿಟ್ಟೆವೆಂದು ಹೊಳೆಯಿತು. ವಾರದ ಉಳಿದ ದಿನಗಳನ್ನೆಲ್ಲ ಅವರು ಆ ಒಂದು ತಾಸಿನ ಆಸೆಯಲ್ಲೇ ಕಳೆಯುತ್ತಿದ್ದರು.

ಮುಂಬಯಿ ಸರಕಾರ ದಾರೂಬಂದಿ ಮಾಡಿದ್ದ ಕಾಲ. ಮಾಸ್ತರರು ತಾವೇ ಒಂದು ನಾಟಕ ಬರೆದರು. ಅದರಲ್ಲಿ ನಾಯಕ ಕಳ್ಳಭಟ್ಟಿ ಕುಡಿದು ಕುಡಿದು ಮೂರನೆಯ ಅಂಕದಲ್ಲಿ ಸಾಯುತ್ತಾನೆ. ನಾಯಕನ ಪಾತ್ರ ಚಿಮ್ಮಡದ ಅಮಸಿದ್ದಪ್ಪನಿಗೆ ಸಿಕ್ಕಿತು. ಮರುದಿನವೇ ಅವನ ತಾಯಿ ಸೋಮವ್ವ ಸಾಲೆಯ ಬಾಗಿಲಿಗೆ ಬಂದು ನಿಂತಳು. ಕುರಿ ಸಾಕಿ, ಕಂಬಳಿ ನೇಯುವ ಮನೆತನದವಳು.

"ಮಾಸ್ತರ, ಎರಡು ಕೂಸು ಮಣ್ಣಿಗಿಟ್ಟು, ಬೀರಪ್ಪಗ ಹರಕಿ ಹೊತ್ತು ಹಡದ ಮಗಾ ಇಂವ. ಸುಳ್ಳು ಸಾವಾದ್ರೂ ನಾ ಇವನ್ನ ಸಾಯಾಕ ಬಿಡೂದಿಲ್ಲರಿ."

ಅಭಿನಯದ ಬಗ್ಗೆ ಮಾಸ್ತರರ ಬಳಿ ನೂರು ಮಾತಿದ್ದವು. ಅವಳ ಮುಖ ನೋಡಿ ಅವನ್ನೆಲ್ಲ ಬದಿಗಿಟ್ಟರು. "ಬಿಡವ್ವ, ಹಂಗಾದ್ರ ನಾನ ಸಾಯ್ತೇನಿ" ಎಂದುಬಿಟ್ಟರು.

ಹೇಳಿದ ಮೇಲೆ ಫಜೀತಿ ಶುರುವಾಯಿತು. ರಾತ್ರಿ ಊಟವನ್ನೂ ಮಾಡದ ಜೈನರ ಮನೆಯ ಮಗ, ದಾರೂ ಕುಡಿದವನು ಹೇಗೆ ನಡೆಯುತ್ತಾನೆಂದು ಏನು ಬಲ್ಲ? ಮಾಸ್ತರರು ತೂರಾಡಿದರೆ ಕಾಲಿಗೆ ಮುಳ್ಳು ಚುಚ್ಚಿದವರಂತೆ ಕಾಣುತ್ತಿತ್ತು. ಕೊನೆಗೆ ಹುಡುಗರೇ ಎದ್ದು ಒಬ್ಬೊಬ್ಬನೂ ಒಂದೊಂದು ಬಗೆಯಾಗಿ ತೂರಾಡಿ ತೋರಿಸಿದರು. ದಾರೂಬಂದಿಯ ರಾಜ್ಯದಲ್ಲಿ ಇದನ್ನೆಲ್ಲ ಎಲ್ಲಿ ನೋಡಿದಿರಿ ಎಂದು ಮಾಸ್ತರರು ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ರಾಜಮತಿ ಮಾತ್ರ, "ಕಂಪನ್ಯಾಗ ಬರೇ ನಿಂತು ಬಂದ್ರಿ. ಈಗ ಮಲಗೂ ಪಾರ್ಟಾದ್ರೂ ನೆಟ್ಟಗ ಮಾಡ್ರಿ" ಎಂದಳು.

ಗ್ಯಾದರಿಂಗಿನ ದಿನ ಇಳಿಹೊತ್ತಿಗೆ ಸಾಲೆಯ ಅಂಗಳ ತುಂಬಿತು. ಸಾಹೇಬರು ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಹೆಡ್‌ಮಾಸ್ತರರು. ಎರಡು ಅಂಕ ನಿರ್ವಿಘ್ನವಾಗಿ ನಡೆದವು. ಮೂರನೆಯದರಲ್ಲಿ ಮಾಸ್ತರರು ತೂರಾಡಿದರು, ಬಿದ್ದರು, ಸತ್ತರು. ಯಾರೂ ನಗಲಿಲ್ಲ. ಕಣ್ಣು ಮುಚ್ಚಿ ಮಲಗಿದ ಮಾಸ್ತರರಿಗೆ ತಮ್ಮ ಸಾವು ಇಷ್ಟು ಚೆನ್ನಾಗಿ ಆದೀತೆಂದು ನಂಬಿಕೆಯೇ ಬರಲಿಲ್ಲ. ಇನ್ನು ಸಾಲೆಯ ಸಿಪಾಯಿ ಲಗಮಣ್ಣ ಪರದೆ ಬಿಟ್ಟರೆ ತಾಸು ಉಳಿದಂತೆ.

ಪರದೆ ಬೀಳಲಿಲ್ಲ. ಹಲಗೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಮೈಮೇಲೆ ಭಾರವಾದದ್ದೇನೋ ಬಿತ್ತು, ಉಣ್ಣೆ ಮೂಗಿಗೆ ಚುಚ್ಚಿತು. ಒಂದು ಕಣ್ಣು ಅರ್ಧ ತೆರೆದರೆ ಪಕ್ಕದಲ್ಲಿ ಸೋಮವ್ವ ಕೂತಿದ್ದಾಳೆ. ತನ್ನೂರಿನ ಆಟಗಳಲ್ಲಿ ಆಯೇರಿ ಕೂಗಿ ರೂಢಿಯಾದ ಲಗಮಣ್ಣ, ಪರದೆಯ ಹಗ್ಗ ಬಿಟ್ಟು ಅವಳ ಬೆನ್ನ ಹಿಂದೆಯೇ ಬಂದು ನಿಂತಿದ್ದಾನೆ.

"ಸೋಮವ್ವ, ಆಮ್ಯಾಲ ಬಾ. ಈಗ ನಾ ಸತ್ತೇನಿ" ಎಂದರು ಮಾಸ್ತರರು, ತುಟಿ ಅಲುಗದಂತೆ.

"ಅದಕ್ಕ ಬಂದೇನ್ರಿ. ನನ್ನ ಮಗನ ಬದ್ಲಿ ನೀವು ಮಲಗೀರಿ. ಹಿಂಗ ಹೊಚ್ಚಿ ಹ್ವಾದ್ರ ಹೆಣಕ್ಕ ಹೊಚ್ಚಿಧಂಗ ಆಗತೈತಿ. ಎದ್ದು ತಗೋರಿ. ನೀವು ಎದ್ದದ್ದು ನೋಡಿ ಮನಿಗಿ ಹೋಗ್ತೇನಿ."

ಮಾಸ್ತರರು ಕಣ್ಣು ಬಿಗಿಯಾಗಿ ಮುಚ್ಚಿದರು. ಇನ್ನೊಂದು ನಿಮಿಷ ಹೆಣವಾಗಿದ್ದರೆ ಸಾಕಿತ್ತು. ಆದರೆ ಅವಳ ಕೈ ಅವರ ಎದೆಯ ಮೇಲೆಯೇ ಇತ್ತು. ಇವಳು ಎರಡು ಸಲ ಹೀಗೆಯೇ ಹೊದಿಸಿ ಎದ್ದು ಹೋದವಳು ಎಂಬುದು ಅವರಿಗೆ ನೆನಪಾಯಿತು. ಸತ್ತವನಿಗೆ ಸತ್ತೇ ಇರು ಎಂದು ಕಲಿಸಿದ ಮಾಸ್ತರರು ಎದ್ದು ಕೂತರು.

ಸೋಮವ್ವ ಕಂಬಳಿಯನ್ನು ಹೆಗಲಿಗೇರಿಸಿದಳು. ಲಗಮಣ್ಣ ಅಂಗಳದ ತುದಿಗೆ ಕೇಳುವಂತೆ ಕೂಗಿದ: "ಚಿಮ್ಮಡದ ಸೋಮವ್ವನ ಕಡಿಂದ ತೇರದಾಳದ ಜಿನ್ನಪ್ಪ ಮಾಸ್ತರರಿಗೆ ಒಂದು ಕರೀ ಕಂಬಳಿ." ಮೂರು ವರ್ಷ ಬೇರೆಯವರ ಹೆಸರನ್ನು ಹೀಗೆ ಕೇಳಿಸಿಕೊಂಡು ನಿಂತಿದ್ದ ಮಾಸ್ತರರಿಗೆ ಕಣ್ಣು ತುಂಬಿ ಬಂದವು. ಕೈಮುಗಿಯಬೇಕೆಂಬುದೂ ತಡವಾಗಿ ಹೊಳೆಯಿತು. ಜನ "ವನ್ಸ್‌ಮೋರ್" ಎಂದರು. ಮಾಸ್ತರರು ಕಂಬಳಿ ಹೊದ್ದುಕೊಂಡೇ ಇನ್ನೊಮ್ಮೆ ಸತ್ತರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್‌ಮಾಸ್ತರರು ನಗಲಿಲ್ಲ.

ಜೂನಿನಲ್ಲಿ ನಾಟಕದ ತಾಸು ಹೋಯಿತು. ಕೊಟ್ಟ ಮಾತಿನಂತೆ ಮಾಸ್ತರರು ತಕಲಿ ಹಿಡಿದರು. ಅವರ ಎಳೆ ಕಡಿದಾಗೊಮ್ಮೆ ನೇಕಾರರ ಮಕ್ಕಳು ಬಂದು ಗಂಟು ಹಾಕಿಕೊಡುತ್ತಿದ್ದರು.

ಕಂಬಳಿಯನ್ನು ಮಾತ್ರ ಅವರು ಬಿಡಲಿಲ್ಲ. ಚೈತ್ರದ ಬಿಸಿಲಿನಲ್ಲೂ ಹೆಗಲ ಮೇಲೆ ಹಾಕಿಕೊಂಡು ಸಾಲೆಗೆ ಬರುತ್ತಿದ್ದರು. ಹೊಸಬರು ಕೇಳಿದರೆ, "ನಾಟಕದಾಗ ಆಯೇರಿ ಬಂದದ್ದು" ಎನ್ನುತ್ತಿದ್ದರು.

"ಯಾವ ಪಾರ್ಟಿಗಿ ಬಂತರಿ, ಮಾಸ್ತರ?"

"ಹೆಣದ ಪಾರ್ಟಿಗಿ. ಅದನ್ನೂ ನೆಟ್ಟಗ ಮಾಡಲಿಲ್ಲ, ನಡುವ ಎದ್ದೆ."