ಪುಟ್ಟಸ್ವಾಮಿ ಕೈತುತ್ತು ಬಿಟ್ಟಿದ್ದು

ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಪುಟ್ಟಸ್ವಾಮಿಯವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವರ ಕುರಿ ಕೊಟ್ಟಿಗೆ, ಈ ಕಡೆ ನನ್ನ ಅಡುಗೆಮನೆ. ವಾಸನೆ ವಿಷಯಕ್ಕೆ ಅವರ ಜೊತೆ ನಾನು ಆಡಿರೋ ಜಗಳ ಒಂದೆರಡಲ್ಲ. ಗಿರಿಜಾಂಬಾ ಬಾಯಿಗೆ ಬೀಗ ಇಲ್ಲ ಅಂತ ಬೀದಿಯವರು ಆಡಿಕೊಳ್ಳೋದೂ ನನಗೆ ಗೊತ್ತು. ಆಡಿಕೊಳ್ಳಲಿ, ನನಗೇನು.

ಪುಟ್ಟಸ್ವಾಮಿ ನಂಜನಗೂಡು ಕಡೆಯ ಒಕ್ಕಲು ಮನೆತನದವರು. ಹುಡುಗರ ಹಾಸ್ಟೆಲೊಂದರಲ್ಲಿ ಅನ್ನ ಬಡಿಸಿ ಬಡಿಸಿಯೇ ರಿಟೈರಾದರು. ಅವರ ಮನೆ ಹೊಸ್ತಿಲು ತುಳಿದವರು ಏನೂ ತಿನ್ನದೆ ಈಚೆ ಬಂದಿದ್ದಿಲ್ಲ. ಮಡಿ ಮಡಿ ಅಂತ ಒದ್ದಾಡೋ ನನ್ನ ಕೈಗೂ ಒಂದು ಬಾಳೆಹಣ್ಣಾದರೂ ತುರುಕೋರು. ಮೊಮ್ಮಗಳು ಗಗನ, ಇನ್ನೂ ಶಾಲೆಗೆ ಸೇರದ ಕೂಸು. ಅದರ ತಾಯಿ, ಅವರ ಸೊಸೆ ಸಿಂಚನ, ಬೆಳಗಾಗುತ್ತಲೇ ಬಸ್ಸು ಹತ್ತಿ ಕಡಕೊಳದ ಫ್ಯಾಕ್ಟರಿಗೆ ಹೋಗಿಬಿಡ್ತಾಳೆ, ಹಾಗಾಗಿ ಮಗು ಬೆಳೆದಿದ್ದೇ ತಾತನ ಕೈತುತ್ತಲ್ಲಿ. ಅಜ್ಜಿ ಲಕ್ಷ್ಮಮ್ಮ ತುತ್ತು ಹಿಡಿದು ಹೋದರೆ ಬಾಯಿ ಬಿಗಿದುಕೊಂಡು ಕೂರೋದು.

ಅವರ ಮನೆಯಲ್ಲಿ ಸಂಕ್ರಾಂತಿಗೆ ಒಂದು ಪದ್ಧತಿ ಇತ್ತು. ಕುರಿಗಳ ಮೈ ತೊಳೆದು, ಅರಿಶಿನ ಹಚ್ಚಿ, ಬೇಸಿನ್ನಿನ ತುಂಬಾ ಹುಗ್ಗಿ ಇಡೋರು. ಅವು ತಾವಾಗಿ ತಲೆ ಎತ್ತೋ ತನಕ ಬೇಸಿನ್ನು ಎತ್ತೋ ಹಾಗಿಲ್ಲ, ಹಬ್ಬದ ದಿನ ಜೀವದ ಬಾಯಿಂದ ಕಿತ್ತುಕೊಂಡರೆ ಪಾಪ ಅಂತ. ಈ ಸಲ ಎರಡು ಮರಿ ಇದ್ದವು, ಗುಂಡುಗುಂಡಗೆ, ಗಗನಳ ಹಿಂದೆ ಹಿಂದೆಯೇ ಓಡಾಡೋವು. ದೊಡ್ಡ ಕುರಿಗಳು ಸ್ವಲ್ಪ ತಿಂದು ತಲೆ ಎತ್ತಿದವು, ಈ ಮರಿಗಳು ಎತ್ತಲೇ ಇಲ್ಲ. ಪುಟ್ಟಸ್ವಾಮಿ ಖುಷಿಯಾಗಿ ಮತ್ತೆ ಮತ್ತೆ ಬಡಿಸಿದರು. ನಾನು ಎಳ್ಳು ಬೀರೋಕೆ ಹೋಗಿದ್ದೆ, ನನ್ನ ಕಣ್ಣೆದುರಿಗೇ ಬಡಿಸಿದರು. ಮಗು ನಾನು ಕೊಟ್ಟ ಎಳ್ಳುಬೆಲ್ಲದಲ್ಲೂ ಒಂದು ಹಿಡಿ ಅವುಗಳ ಬಾಯಿಗೆ ಹಾಕ್ತು.

ಮಾರನೆ ದಿನ ಬೆಳಿಗ್ಗೆ ಕಾಫಿ ಸೋಸ್ತಿದ್ದೆ. ಗೋಡೆ ಆ ಕಡೆಯಿಂದ ದಬ್, ದಬ್ ಅಂತ ಶುರುವಾಯಿತು. ಯಾರಪ್ಪಾ ಹೊತ್ತಾರೆಯೇ ಗೋಡೆ ಕುಟ್ಟೋರು ಅಂತ ಬೈಕೊಂಡು ಹೋಗಿ ನೋಡಿದರೆ, ಒಂದು ಮರಿ ಕತ್ತು ಹಿಂದಕ್ಕೆ ಸೆಟೆದು ಸತ್ತು ಬಿದ್ದಿದೆ. ಇನ್ನೊಂದು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದೆ. ಹಿಂದಕ್ಕೆ ಎಳೆದರೂ ತಿರುಗಿ ಹೋಗಿ ಗುದ್ದೋದು. ಕಣ್ಣು ಬಿಟ್ಟೇ ಇತ್ತು, ಆದರೆ ಏನೂ ಕಾಣ್ತಿರಲಿಲ್ಲ ಅನ್ಸತ್ತೆ. ನೋಡ್ತಾ ನೋಡ್ತಾ ಅದೂ ಹೋಯಿತು.

ಪುಟ್ಟಸ್ವಾಮಿ ನನ್ನ ಕಡೆ ತಿರುಗಿ ಕೇಳಿದರು, “ಅಮ್ಮಾವ್ರೇ, ನಿಮ್ಮನೆ ಎಳ್ಳಲ್ಲಿ ಏನಿತ್ತು?”

ನನಗೆ ಮೈಯೆಲ್ಲ ಉರಿದುಹೋಯಿತು. ವಾಸನೆ ಅಂತ ಜಗಳ ಆಡಿದ್ದು ನಿಜ, ಅದಕ್ಕೆ ಮೂಕಪ್ರಾಣಿಗೆ ವಿಷ ಇಕ್ಕೋಳೇ ನಾನು? ನಡೀರಿ, ಕುಯ್ಯಿಸಿಯೇ ನೋಡೋಣ ಅಂದೆ. ಲಗೇಜ್ ಆಟೋ ಕರೆಸಿದೆ. ಹಿಂದೆ ಗೋಣಿಚೀಲದಲ್ಲಿ ಮರಿಗಳು, ಪಕ್ಕದಲ್ಲಿ ಅವರು, ಮುಂದೆ ಡ್ರೈವರ್ ಪಕ್ಕ ನಾನು. ಹಾಗೇ ದನದ ಆಸ್ಪತ್ರೆಗೆ ಹೋದೆವು.

ಡಾಕ್ಟರು ವಾಗೀಶ ಅಂತ, ತಾಳ್ಮೆಯ ಮನುಷ್ಯ. ಕುಯ್ದು, ಮೆತ್ತಗೆ ಕೊಳೆತ ಹಾಗಾಗಿದ್ದ ಮೂತ್ರಪಿಂಡ ತೋರಿಸಿದರು. ಯಾರೂ ವಿಷ ಹಾಕಿಲ್ಲ, ಇದು ಕರುಳು ಬೇನೆ ಅಂದರು. ಇದರ ಬ್ಯಾಕ್ಟೀರಿಯಾ ಕುರಿ ಕರುಳಲ್ಲಿ ಮೊದಲಿಂದಲೂ ತೆಪ್ಪಗೆ ಇರತ್ತಂತೆ. ಅಕ್ಕಿ, ಬೆಲ್ಲ, ಕಾಳು ಒಂದೇ ಸಲ ಕರುಳಿಗೆ ನುಗ್ಗಿದರೆ ಅದಕ್ಕೆ ಹಬ್ಬ, ಕಂಡಾಪಟ್ಟೆ ಬೆಳೆದು ವಿಷ ಬಿಡತ್ತೆ. ಆ ವಿಷಕ್ಕೆ ಮೊದಲು ಅಷ್ಟು ಶಕ್ತಿ ಇರಲ್ಲ, ಕುರಿಯ ಜೀರ್ಣರಸ ತಾಗಿದ ಮೇಲೇ ಅದು ಹರಿತ ಆಗೋದು. ಆಮೇಲೆ ರಕ್ತಕ್ಕೆ ಸೇರಿ, ಅದರ ಕಣಗಳು ಉಂಗುರದ ಹಾಗೆ ಸುತ್ತ ಕೂತು, ಜೀವಕೋಶದ ಪೊರೆಯಲ್ಲಿ ತೂತು ಕೊರೀತಾವೆ. ಮಿದುಳಿನ ರಕ್ತನಾಳ ಸೋರಿ ಮಿದುಳು ಊದಿಕೊಳ್ಳತ್ತೆ. ಅದಕ್ಕೇ ಗೋಡೆಗೆ ತಲೆ ಒತ್ತೋದು.

ಲಸಿಕೆ ಯಾಕೆ ಹಾಕಿಸಲಿಲ್ಲ ಅಂತ ಅವರು ಕೇಳಿದರು. ಚುಚ್ಚಿಸಿದರೆ ಮರಿಗಳು ಒಂದೆರಡು ದಿನ ಮೇವು ಬಿಡ್ತಾವಂತೆ, ಅದನ್ನ ನೋಡೋಕಾಗಲ್ಲ ಅಂತ ಮುಂದಕ್ಕೆ ಹಾಕಿದ್ದರಂತೆ ಈ ಪುಣ್ಯಾತ್ಮ.

“ದೊಡ್ಡವು ಯಾಕೆ ಉಳಕೊಂಡವು ಸಾರ್?” ಅಂದರು ಪುಟ್ಟಸ್ವಾಮಿ.

“ಕಮ್ಮಿ ತಿಂದವು. ಈ ಬೇನೆ ಚೆನ್ನಾಗಿ ತಿಂದು ಬೆಳೆದ ಮರಿಗಳನ್ನೇ ಮೊದಲು ತಗೊಂಡು ಹೋಗೋದು.”

ನಾನು ಗೆದ್ದಿದ್ದೆ. ಆದರೆ ಆ ಮನುಷ್ಯ ತಮ್ಮ ಬಲಗೈಯನ್ನೇ ನೋಡ್ಕೊಂಡು ನಿಂತುಬಿಟ್ಟಿದ್ದರು. ಎಳ್ಳಲ್ಲೇ ಏನೋ ಇತ್ತು ಅಂತ ಡಾಕ್ಟರು ಹೇಳಿದ್ದರೇ ಚೆನ್ನಾಗಿರ್ತಿತ್ತು ಅನ್ನಿಸಿಬಿಡ್ತು.

ಅವತ್ತಿನಿಂದ ಪುಟ್ಟಸ್ವಾಮಿ ಯಾರಿಗೂ ಏನೂ ಬಡಿಸಲಿಲ್ಲ. ಉಳಿದ ಕುರಿಗಳಿಗೆ ಲಕ್ಷ್ಮಮ್ಮನೇ ಸೊಪ್ಪು ಹಾಕೋರು. ಪುಟ್ಟಸ್ವಾಮಿ ಮಧ್ಯಾಹ್ನದ ಹೊತ್ತು ಕೊಟ್ಟಿಗೆಗೆ ಬಂದು ಆ ಗೋಡೆಗೆ ಅಂಗೈ ಇಟ್ಟು ನಿಲ್ಲೋರು. ಒಂದು ದಿನ ಕೇಳಿಯೇ ಬಿಟ್ಟೆ. ಒಳಗಡೆ ಇನ್ನೂ ಗುದ್ದತಾ ಐತೆ ಅಂದರು. ಹುಚ್ಚು ಅಂತ ಬೈದು ಬಂದೆ. ನನಗೆ ದೆವ್ವ ಭೂತದ ನಂಬಿಕೆ ಇಲ್ಲ. ಆದರೂ ಕಾಫಿ ಸೋಸೋ ಹೊತ್ತಿಗೆ ನನಗೂ ಕೇಳಿಸತ್ತೆ, ದಬ್, ದಬ್ ಅಂತ. ಆಳು ಕರೆಸಿ ಒಲೆಯನ್ನ ಎದುರು ಗೋಡೆಗೆ ಹಾಕಿಸಿಕೊಂಡೆ. ಅಲ್ಲಿಗೂ ಕೇಳಿಸತ್ತೆ.

ಇದರ ಮಧ್ಯೆ ಸೊರಗಿದ್ದು ಮಗು. ತಾತ ತುತ್ತು ಕೊಡಲ್ಲ, ಬೇರೆಯವರ ಕೈಯಲ್ಲಿ ಅದು ತಿನ್ನಲ್ಲ. ಹಸಿವಾದರೆ ತಾನೇ ತಿನ್ನತ್ತೆ ಬಿಡಿ ಅಂದರು ಎಲ್ಲರೂ, ನಾನೂ ಅಂದೆ. ತಿನ್ನಲಿಲ್ಲ. ಕೆನ್ನೆ ಇಳಿದುಹೋಯಿತು, ಆಟ ಬಿಟ್ಟು ತಾತನ ಕಾಲ ಹತ್ತಿರ ಸುಮ್ಮನೆ ಮಲಗೋದು. ಸಿಂಚನ ರಜಾ ಹಾಕಿ ಮನೇಲಿ ಕೂತಳು, ಅವಳ ಕೈಯಿಂದಲೂ ಎರಡು ತುತ್ತಿನ ಮೇಲೆ ಇಳಿಯಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು, “ಆಂಟಿ, ಮಾವ ನಿಮ್ಮ ಬಾಯಿಗೆ ಮಾತ್ರ ಹೆದರ್ತಾರೆ” ಅಂತ ಅತ್ತುಬಿಟ್ಟಳು.

ಹೋಗಿ ಹಿಗ್ಗಾಮುಗ್ಗಾ ಬೈದೆ. ಮಗು ಏನು ಕುರಿಮರಿಯಾ? ಇದು ಕುರಿ ಕರುಳಿನ ಬೇನೆ ಅಂತ ಡಾಕ್ಟರೇ ಹೇಳಲಿಲ್ಲವಾ, ಮಗುವಿಗೆ ಅನ್ನ ಹಾಕೋಕೆ ಯಾಕೆ ಹೆದರಬೇಕು? ನಿಮ್ಮ ಕೈಯಲ್ಲಿ ಉಂಡ ಅಷ್ಟು ಹುಡುಗರಲ್ಲಿ ಯಾರಿಗೇನಾಯಿತು? ಪುಟ್ಟಸ್ವಾಮಿ ಎದ್ದು ಕೈ ತೊಳೆದು, ಅನ್ನಕ್ಕೆ ಸಾರು ಹಾಕಿ ಕಲಸಿದರು. ಮೊದಲ ತುತ್ತು ಹತ್ತಿರ ಬರೋ ಮೊದಲೇ ಗಗನ ಬಾಯಿ ತೆರೆದಾಗಿತ್ತು. ಒಂದಾದ ಮೇಲೆ ಒಂದು, ಹಸಿದ ಕೂಸು ಗಬಗಬ ನುಂಗಿತು. ಲಕ್ಷ್ಮಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು. ನನಗೂ ತಡೆಯೋಕಾಗಲಿಲ್ಲ.

“ತಾತ, ಇನ್ನೊಂದು” ಅಂತು ಮಗು.

ಪುಟ್ಟಸ್ವಾಮಿ ಕೈ ಅಲ್ಲೇ ನಿಂತುಹೋಯಿತು. ನನ್ನ ಮುಖ ನೋಡಿದರು.

“ಅಮ್ಮಾವ್ರೇ, ಎಲ್ಲಿಗೆ ನಿಲ್ಲುಸ್ಲಿ? ನೀವೇ ಯೋಳ್ಬುಡಿ.”

ಈಗ ದಿನಾ ಮಧ್ಯಾಹ್ನ ನಾನು ಅವರ ಹೊಸ್ತಿಲಲ್ಲಿ ಹೋಗಿ ಕೂರ್ತೀನಿ. ನಾನು ಹೋಗೋ ತನಕ ಅವರು ಅನ್ನ ಕಲಸೋದೇ ಇಲ್ಲ. ಒಂದೊಂದು ತುತ್ತಿಗೂ ನನ್ನ ಮುಖ ನೋಡ್ತಾರೆ. ಸಾಕು ಅನ್ನೋದು ನನ್ನ ಕೆಲಸ. ಅಂತೀನಿ. ಮಗು ಇನ್ನೂ ಬಾಯಿ ತೆರೆದುಕೊಂಡೇ ಕೂತಿರತ್ತೆ.